ಆ ಮೈಕು ನಮ್ಮದು, ಅಯ್ಯಾ

ಅದು ನಮ್ಮ ಮೈಕು, ಪಾಸ್ಟರಯ್ಯಾ.
ಹಿಡಿಕೆಯ ನೀಲಿ ಟೇಪು ನಾನೇ ಸುತ್ತಿದ್ದು.
ಹತ್ತು, ಇಪ್ಪತ್ತು, ಒಮ್ಮೊಮ್ಮೆ ಹರಿದ ಐವತ್ತು,
ಎಂಟು ತಿಂಗಳ ಕಾಣಿಕೆ ಕೂಡಿಸಿ
ರಾಯಚೂರಿನ ತೀನ್ ಕಂದೀಲಿಗೆ ಹೋಗಿ ತಂದದ್ದು.

ಆಗ ನಮಗೆ ಗುಡಿಯೂ ಇಲ್ಲ, ಬಿಷಪ್ಪೂ ಇಲ್ಲ.
ಶಕ್ತಿನಗರದ ಬೂದಿ ಹೊಂಡದ ಕಡೆ ತಗಡಿನ ಶೆಡ್ಡು,
ಶನಿವಾರ ಗುಡಿಸಿದರೂ ಆದಿತ್ಯವಾರಕ್ಕೆ
ಚಾಪೆ ಮೇಲೆ ಬೂದಿ.
ನೀವು ನಗುತ್ತಿದ್ದಿರಿ:
'ಕೃಪಮ್ಮಾ, ಕರೆಂಟು ಬೆಂಗಳೂರಿಗೆ, ಬೂದಿ ನಮಗೆ,
ದೇವರು ಮಾತ್ರ ಇಬ್ಬರಿಗೂ.'

ದೊಡ್ಡ ಗುಡಿಯವರು ತಮ್ಮ ಸ್ಮಶಾನದಲ್ಲಿ ಜಾಗ ಕೊಡದಾಗ
ನನ್ನ ಗಂಡನ ಕುಣಿ ನೀವೇ ಅಗೆದಿರಿ,
ಅಂಗಿ ಕಳಚಿ, ಬನಿಯನ್ನಿನ ಮೇಲೆ.
ಅದನ್ನು ಮರೆತರೆ ನನ್ನ ಬಾಯಲ್ಲಿ ಹುಳ ಬೀಳಲಿ.

ಸಲೋಮಿ ಬಂದ ರಾತ್ರಿಯನ್ನೂ ಮರೆತಿಲ್ಲ.
ಎಡಗಣ್ಣು ಬದನೆಕಾಯಿ, ಕಂಕುಳಲ್ಲಿ ಕೂಸು,
ಕಾಲಲ್ಲಿ ಚಪ್ಪಲಿ ಇಲ್ಲ.
ನೀವು ಶೆಡ್ಡಿನ ಬೀಗ ತೆಗೆದು ಜಮಖಾನೆ ಹಾಸಿದಿರಿ,
ಬೆಳಗಿನವರೆಗೆ ಬಾಗಿಲಿಗೆ ಕುರ್ಚಿ ಹಾಕಿ ಕೂತಿರಿ.
ಅಳಿಯ ಬಂದ, ಬೈದ, ಕಲ್ಲು ತೂರಿದ.
ತಗಡಿನಲ್ಲಿ ತಗ್ಗು ಇನ್ನೂ ಇದೆ.
'ವಕೀಲರ ಹತ್ತಿರ ನಾನೇ ಬರುತ್ತೇನೆ ತಾಯಿ,
ಪಾಪ ಬಂದರೆ ನನ್ನ ತಲೆಗಿರಲಿ' ಅಂದಿರಿ.

ಆಮೇಲೆ ಹೈದರಾಬಾದಿನಿಂದ ಇಬ್ಬರು ಬಂದರು.
ಬಿಳಿ ಕಾರು, ಬೂದಿ ತಾಗದ ಬೂಟು.
ಪ್ರಾರ್ಥನೆಯಲ್ಲಿ ಕಣ್ಣು ತೆರೆದದ್ದು ನನ್ನ ತಪ್ಪು.
ತಲೆ ಎಣಿಸುತ್ತಿದ್ದರು,
ಬೆರಳು ಮಡಚುತ್ತ ಮಡಚುತ್ತ
ಒಬ್ಬ ಆಮೆನ್ ಹೇಳುವುದನ್ನೇ ಮರೆತ.

ಮುಂದಿನ ತಿಂಗಳು ನಿಮ್ಮ ಮುಖ ಫ್ಲೆಕ್ಸಿನಲ್ಲಿ:
ಜೀವರತ್ನಪ್ಪ, ಕ್ರೈಸ್ತ ಕುಟುಂಬ ರಕ್ಷಣಾ ಪಕ್ಷ,
ಗುರುತು ಹೊಲಿಗೆ ಮಷೀನು.
ಸಲೋಮಿ ಅಂಥದೇ ಮಷೀನು ತುಳಿದು ಕೂಸಿಗೆ ಹಾಲು ತರುತ್ತಾಳೆ.
ಫ್ಲೆಕ್ಸು ಕಂಡು ನಕ್ಕಳು, ಮೊದಲಿಗೆ.

ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನ ಸಭೆ.
ಮುಂದಿನ ಸಾಲು ನಮಗೇ ಇಟ್ಟಿದ್ದರು.
ನೀಲಿ ಟೇಪು ಹಿಡಿದು ನೀವು ಹೇಳಿದಿರಿ,
ಮನೆ ಒಡೆಯುವ ಹೆಂಗಸರಿಂದಲೇ ನಾಡು ಒಡೆಯುತ್ತಿದೆ,
ಗಂಡ ಎರಡು ಏಟು ಹಾಕಿದ್ದಕ್ಕೆ ಕೋರ್ಟಿಗೆ ಓಡುವವರನ್ನು
ತಡೆಯುವ ಕಾನೂನು ಬರಬೇಕು.
ಚಪ್ಪಾಳೆ ಬಿತ್ತು.
ನಾನೂ ತಟ್ಟಿಬಿಟ್ಟೆ ಅಯ್ಯಾ,
ಎರಡು ಸಲ, ರೂಢಿಯಿಂದ,
ಪಕ್ಕದಲ್ಲಿ ಮಗಳು ಕೂತದ್ದು ನೆನಪಾಗುವ ಮುಂಚೆ.

ಅವಳೇನೂ ಅನ್ನಲಿಲ್ಲ.
ಕೂಸಿನ ಕಿವಿ ಮುಚ್ಚಿದಳು.
ಮೈಕು ಕೀಂಯ್ ಅಂತು,
ನೀವು ಬೆರಳಿಂದ ಟಕಟಕ ಬಡಿದಿರಿ,
ಅದೇ ಹಳೆಯ ಚಾಳಿ.

ಈ ಆದಿತ್ಯವಾರ ಬರೀ ಬಾಯಲ್ಲೇ ಪ್ರಾರ್ಥನೆ.
ಹದಿನೇಳು ಜನ.
ಸ್ಥಾವರದ ಗುಂಯ್ ಸದ್ದು ನಮ್ಮ ಹಾಡಿಗಿಂತ ಜೋರು.
ನಡುವೆ ನಿಮ್ಮ ಪ್ರಚಾರದ ಆಟೋ ಹಾದುಹೋಯಿತು,
ನಿಮ್ಮ ದನಿ ತಗಡಿಗೆ ಬಡಿಯಿತು.
ಸಲೋಮಿ ಎದ್ದು ಬಾಗಿಲಿಗೆ ಕುರ್ಚಿ ಹಾಕಿ ಕೂತಳು.

ಜಗಳಕ್ಕೆ ಬಂದವಳಲ್ಲ ನಾನು.
ಮೈಕು ಕೊಡಿ.
ವೈರು ಬೇಕಾದರೆ ನೀವೇ ಇಟ್ಟುಕೊಳ್ಳಿ.