ಏಳು ಲೋಡು ಮರಳು

ಏಳು ಲೋಡು. ಲೆಕ್ಕ ನನ್ನ ಬಳಿಯೇ ಇದೆ;
ಟಿಪ್ಪರು ಹತ್ತದ ಗಾಳಿಬೀಡಿನ ಏರಿಗೆ
ಜೀಪಿನಲ್ಲಿ ಚೀಲಚೀಲವಾಗಿ ಹೊತ್ತವನು ನಾನೇ.
ಮೇದಪ್ಪನವರು ಗುಡ್ಡದ ನೆತ್ತಿಯಲ್ಲಿ ಸುರಿಸಿ,
ಕುಂಟೆ ಎಳೆಸಿ, ಅಲೆ ಮೂಡಿಸಿ,
ಒಂದು ಕಣ್ಣು ಮುಚ್ಚಿ ನೋಡಿ
'ಥೇಟ್ ಜೈಸಲ್ಮೇರು' ಎಂದರು.
ಅವರೂ ಅದನ್ನು ಕಂಡದ್ದು ಕ್ಯಾಲೆಂಡರಿನಲ್ಲಿ.

ಒಂಟೆ ಮೂರು. ಲಾರಿಯಲ್ಲಿ ಆರು ದಿನ.
ಆನೆಕಾಡಿನ ಚೆಕ್‌ಪೋಸ್ಟಿನವ ಪುಸ್ತಕವೆಲ್ಲ ತಡಕಿ
ಯಾವ ಕಾಲಮ್ಮಿನಲ್ಲೂ ಹಿಡಿಸದೆ
'ಇತರೆ' ಎಂದು ಬರೆದುಕೊಂಡನಂತೆ.
ಜೊತೆಗೆ ಬಂದ ಭೋಮಾರಾಮನೂ
ಆ ಸಾಲಿನಲ್ಲೇ ಸೇರಿಹೋದ.

ಅವನಿಗೆ ಕನ್ನಡ ಬಾರದು; ನನ್ನ ಹಿಂದಿ
ಟೂರಿಸ್ಟರ ಹಿಂದಿ: ಉತರೋ, ಬೈಠೋ, ಫೋಟೋ.
ಮೊದಲ ದಿನ ಕಾಲ್ಬೆರಳ ಸಂದಿಯಲ್ಲಿ ಜಿಗಣೆ ಕಂಡು
ನರವೇ ಹೊರಬಂತೆಂದು ಕೂತುಬಿಟ್ಟಿದ್ದ.
ಸುಣ್ಣ ಮುಟ್ಟಿಸಿದೆ. ಬಿತ್ತು.
ಅಂದಿನಿಂದ ನಾನು ಅವನ ಪಾಲಿಗೆ ವೈದ್ಯ,
ಒಂಟೆಯ ಮೂಗಿನೊಳಗೂ ಕೈ ಹಾಕಿಸಿದ.

ಆ ಶನಿವಾರ ಬಂದವರು ಪಿರಿಯಾಪಟ್ಟಣದ
ಸಹಕಾರಿ ಬ್ಯಾಂಕಿನ ಹನ್ನೆರಡು ಮಂದಿ, ಮ್ಯಾನೇಜರೂ ಸೇರಿ.
ಎಲ್ಲರಿಗೂ ಕೆಂಪು ಪೇಟ.
ಸಿಲ್ವರ್ ಓಕಿನ ಸಾಲು ಬಳಸಿ ಒಂದು ಫರ್ಲಾಂಗಿನ ಸವಾರಿ.
ಜೇಡಿಮಣ್ಣಿನ ಇಳಿಜಾರಿನಲ್ಲಿ
ಲಾಡಲಿ ಎಂಬ ಹಿರಿಯ ಒಂಟೆ ನಿಂತೇಬಿಟ್ಟಿತು,
ಕಾಲು ಮುಂದಿಟ್ಟು, ಹಿಂದೆಗೆದು,
ಕಾವಲಿ ಕಾದಿತೋ ಎಂದು ಮುಟ್ಟಿ ನೋಡುವ ಹೊಸ ಸೊಸೆಯ ಹಾಗೆ.
ಮೇಲೆ ಕೂತ ಕ್ಯಾಷಿಯರ್ ಅಂಬುಜಾಕ್ಷಿ ಮೇಡಂ
ಕಣ್ಣು ಮುಚ್ಚಿ ನಗುತ್ತಲೇ ಇದ್ದರು,
ನಿಂತದ್ದು ಗೊತ್ತಾಗದೆ.

ನಕ್ಷತ್ರ ತೋರಿಸುತ್ತೇವೆಂದು ಕರಪತ್ರದಲ್ಲಿ ಅಚ್ಚಾಗಿತ್ತು.
ಏಳಕ್ಕೆ ಮಂಜು ಏರಿತು; ಪಕ್ಕದ ಟೆಂಟೂ ಕಾಣದು.
'ಮರಳುಗಾಡಲ್ಲಿ ಮಂಜು ಇರುತ್ತದೇನ್ರೀ?'
'ರಾತ್ರಿ ಹೊತ್ತು ಇರುತ್ತದೆ ಸಾರ್' ಎಂದರು ಮೇದಪ್ಪ.
ಒಂಬತ್ತೂಕಾಲಿಗೆ ಮಳೆ.
ಮೊದಲು ಗುಡ್ಡದಾಚೆ ಯಾರೋ ಭತ್ತ ಸುರಿದ ಸದ್ದು,
ಆಮೇಲೆ ನಮ್ಮ ತಲೆಯ ಮೇಲೆಯೇ.
ಪೇಟ ಬಣ್ಣ ಬಿಟ್ಟು ಹನ್ನೆರಡು ಹಣೆಯೂ ಕೆಂಪು.
ಜೀಪಿನ ಶೆಡ್ಡಿಗೆ ಓಡಿದೆವು, ಒಂಟೆಗಳೂ.
ತಗಡಿನಡಿ ಉಸಿರಿನ ಹಬೆ, ಒದ್ದೆ ರೋಮದ ವಾಸನೆ;
ಸೀತಕ್ಕ ಕಡಂಬುಟ್ಟು ಹಂಚಿದಳು.
ಮ್ಯಾನೇಜರ ಪಾಲಿನದನ್ನು ಅವರ ಭುಜದ ಮೇಲಿಂದ
ಲಾಡಲಿ ತೆಗೆದುಕೊಂಡಿತು.

ಹೊರಗೆ ಮರಳು ಹೋಗುತ್ತಿತ್ತು.
ಟಾರ್ಚು ಬಿಟ್ಟು ನೋಡಿದೆ: ಮೊದಲು ಅಲೆ,
ಆಮೇಲೆ ದಿಬ್ಬ, ಅವಸರವಿಲ್ಲದೆ,
ಮನೆ ತಪ್ಪಿ ಬಂದ ನೆಂಟ
ತಾನೇ ಚಪ್ಪಲಿ ಹುಡುಕಿಕೊಂಡು ಹೊರಟ ಹಾಗೆ.

ಭೋಮಾರಾಮ ಮೂಲೆಯಲ್ಲಿ ಫೋನು ಹಚ್ಚಿದ್ದ.
ಮಾತಾಡಲಿಲ್ಲ. ಕೈ ಎತ್ತಿ
ಫೋನನ್ನು ತಗಡಿಗೆ ಆನಿಸಿ ಹಿಡಿದ.
ಬಹಳ ಹೊತ್ತು ಹಿಡಿದ; ಕೈ ಸೋತಾಗ ಇನ್ನೊಂದು ಕೈ ಕೊಟ್ಟ.
ಆ ಕಡೆ ಯಾರು ಕೇಳುತ್ತಿದ್ದರೋ,
ಹೆಂಡತಿಯೋ, ತಾಯಿಯೋ, ಓಣಿಯ ಮಂದಿಯೋ.
ಲೈನು ಕಡಿದಾಗ ನನ್ನ ಕಡೆ ತಿರುಗಿ
ಎರಡು ಬೆರಳು ತೋರಿಸಿದ.
ಎರಡು ವರ್ಷವೋ, ಎರಡು ಮಕ್ಕಳೋ,
ಕೇಳುವಷ್ಟು ಹಿಂದಿ ನನ್ನಲ್ಲಿರಲಿಲ್ಲ.

ಬೆಳಿಗ್ಗೆ ಕೆಳಗದ್ದೆಯ ಪೂವಯ್ಯ ಬಂದು ಬೈದ:
ಸಸಿಮಡಿಯ ತುಂಬ ಗೇಣುದ್ದ ಮರಳು.
ನಕ್ಷತ್ರ ಕಾಣದ ಬ್ಯಾಂಕಿನವರು
ಫೋನಿನಲ್ಲಿ ಐದು ನಕ್ಷತ್ರ ಒತ್ತಿ, ಪೇಟ ಹಿಂಡಿಕೊಟ್ಟು ಹೋದರು.
'ಮುಂದಿನ ವಾರಕ್ಕೆ ಎಷ್ಟು ಲೋಡು ಬೇಕಾದೀತೋ?'
ನೆತ್ತಿಯಿಂದ ಮೇದಪ್ಪನವರ ಕೂಗು.

ಏರಿಯಲ್ಲಿ ಒಂಟೆಹೆಜ್ಜೆ, ಅಕ್ಕಿರೊಟ್ಟಿಯಗಲ,
ನೀರು ತುಂಬಿ ನಿಂತಿತ್ತು. ಒಂದರಲ್ಲಿ ಆಗಲೇ ಕಪ್ಪೆ.
ಜೀಪು ತಿರುಗಿಸುವಾಗ
ಅದೊಂದನ್ನು ತಪ್ಪಿಸಿ ತಿರುಗಿಸಿದೆ.