ಸುತ್ತಿಗೆಗೆ ರಸೀದಿ ಇಲ್ಲ

ಮೂರು ಸಲ ಕೂಗಿದ ಸಾಬಣ್ಣ,
ಅವರಪ್ಪ ಬಸ್‌ಸ್ಟ್ಯಾಂಡಿನಲ್ಲಿ ಯಾದಗಿರಿ ಯಾದಗಿರಿ ಅಂತ ಕೂಗುವ ಧಾಟಿಯಲ್ಲೇ:
'ಚಂದ್ರಶಾ ತಂದೆ ಶಿವರಾಯ, ಹಾಜರ್ ಹೋ!'

ಅದು ನನ್ನ ಹೆಸರು.
ನಾನು ಬಂದದ್ದು ಕಾಗದ ನೋಡಲಿಕ್ಕೆ.
ಅಣಕು ನ್ಯಾಯಾಲಯದ ಬಾಬ್ತು ಆರು ಸಾವಿರದ ಇನ್ನೂರು.
ಖರ್ಚು ಮೊದಲು, ಹಣ ಆಮೇಲೆ, ಸುತ್ತೋಲೆ ಹಾಗೆ.
ಕರಿಕೋಟು ಬಾಡಿಗೆ: ರಸೀದಿ ಇದೆ.
ಜಿಲ್ಲಾ ಸ್ಪರ್ಧೆಗೆ ಟಂಟಂ: ಇದೆ.
ಚಹಾ, ಚುರುಮುರಿ: ಹಾಳೆ ಎಣ್ಣೆ ಕುಡಿದಿದ್ದರೂ ಇದೆ.
ಕಟ್ಟಿಗೆಯ ಸುತ್ತಿಗೆ ಒಂದು, ನೂರಾ ಐವತ್ತು:
ಇಲ್ಲ.
ಅದೊಂದು ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದವನು ನಾನೇ.
ಇವತ್ತು ಸಹಿ ತಗೊಂಡು ಎರಡರ ಬಸ್ಸಿಗೆ ಸುರಪುರ ಸೇರಬೇಕಿತ್ತು.

ಆ ದಿನದ ಪ್ರಕರಣ ಮೇಕೆ ಕಳುವಿನದು.
ಮೇಕೆಯ ಮಾಲಕನಾಗಬೇಕಿದ್ದ ಹುಡುಗ
ಹತ್ತಿ ಬಿಡಿಸಲು ಹೋಗಿದ್ದ, ಕಳ್ಳ ಒಬ್ಬನೇ ಕೂತಿದ್ದ.
ಕೋರ್ಟು ಖಾಲಿ ಇತ್ತು.
ಮಾನಮ್ಮ ಎದ್ದು ನಿಂತಳು, ಕೋಟಿನ ತೋಳು ಬೆರಳು ದಾಟಿತ್ತು:
'ಮೇಕೆ ನಾಳೆ ಸಿಕ್ಕರೂ ನಡೀತದ, ಮಹಾಸ್ವಾಮಿ.
ನಮ್ಮ ರೊಕ್ಕದ ಕೇಸು ತಗೋರಿ.'
ಜಗದೇವಿ ಟೀಚರ್ ಕಿಟಕಿಯ ಹೊರಗೆ ನೋಡತೊಡಗಿದರು.
ತಡೆಯಲೂ ಇಲ್ಲ, ನಗಲೂ ಇಲ್ಲ.

ಎರಡು ಡೆಸ್ಕು ನಿಲ್ಲಿಸಿದರೆ ಕಟಕಟೆ.
ಒಳಗೆ ಹೊಟ್ಟೆ ಹಿಡಿದುಕೊಂಡು ನಿಂತೆ.
ಪ್ರಮಾಣಕ್ಕೆ ಸಮಾಜ ವಿಜ್ಞಾನದ ಪುಸ್ತಕ,
ಅದರ ಮೊದಲ ಪುಟದ ಪೀಠಿಕೆಯ ಮೇಲೆ ಕೈ.
ಇಪ್ಪತ್ತೊಂದು ವರ್ಷ ನೌಕರಿಯಲ್ಲಿ
ಸತ್ಯ ಹೇಳುತ್ತೇನೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

'ಕಡತ ನಿಮ್ಮ ಮೇಜಿಗಿ ಯಾವಾಗ ಬಂತ್ರಿ?'
'ನವೆಂಬರದಾಗ.'
'ಹೋಗಿದ್ದು?'
'ಅದು... ಸಾಹೇಬರು ರಜಾದಾಗ...'
'ಹೋಗೇದ ಅಥವಾ ಇಲ್ಲ, ಅಷ್ಟೇ ಹೇಳ್ರಿ.'
'ಇಲ್ಲ.'
'ಅದರ ಮ್ಯಾಲ ಏನಿಟ್ಟಿದ್ರಿ?'

ಇದನ್ನು ಯಾವ ಆಡಿಟ್ಟೂ ಕೇಳಿರಲಿಲ್ಲ.
ನನ್ನ ಊಟದ ಡಬ್ಬಿ, ಅಂದೆ.
ಜೋಳದ ರೊಟ್ಟಿಯ ಬಿಸಿಗೆ
ಆರು ಸಾವಿರದ ಇನ್ನೂರು ಬೆಚ್ಚಗೆ ಮಲಗಿತ್ತು ನಾಲ್ಕು ತಿಂಗಳು.

'ಈ ಸುತ್ತಿಗಿ ಗುರುತಿಸ್ತೀರಾ?'
ಕೈಗೆ ಕೊಟ್ಟಳು. ಜಾಲಿಕಟ್ಟಿಗೆ.
ಹಿಡಿಕೆ ನುಣ್ಣಗೆ, ತಲೆಯ ಮೇಲೆ ಒಂದು ಗಂಟು,
ಕಣ್ಣಿನ ಹಾಗೆ, ಮುಚ್ಚದ ಕಣ್ಣಿನ ಹಾಗೆ.
'ಮಾಡಿದವ ಬಡಿಗ ಮೌನೇಶ, ನಮ್ಮಪ್ಪ.
ಅವಂಗ ಅಂಗಡಿ ಇಲ್ಲ, ಬಿಲ್‌ಬುಕ್ಕಿಲ್ಲ.
ಟೀಚರ್ ಕೊಟ್ಟ ರೊಕ್ಕ ಮನಿಯೊಳಗ ಎಣಿಸಿದವಳು ನಾ.
ಈಗ ಹೇಳ್ರಿ, ಇಲ್ಲದ್ದು ಸುತ್ತಿಗಿನೋ, ಕಾಗದನೋ?'

ಆಕ್ಷೇಪಣೆ ಇದೆ ಅಂತ ಯಾರಾದರೂ ಏಳಬಹುದೆಂದು ಕಾದೆ.
ನನ್ನ ಪರ ವಕೀಲ, ಎಂಟನೇ ಇಯತ್ತೆಯ ಮಾಳಪ್ಪ,
ಪೆನ್ಸಿಲ್ ಕಚ್ಚುತ್ತಾ ತನ್ನ ಸರದಿ ಮರೆತಿದ್ದ.

ನ್ಯಾಯಾಧೀಶ ಖಾಜಾಮೈನು ಸುತ್ತಿಗೆ ಎತ್ತಿದ.
ಅಷ್ಟರಲ್ಲಿ ಊಟದ ಗಂಟೆ.
ಎತ್ತಿದ ಕೈ ಹಾಗೇ ನಿಂತಿತು, ಅಡುಗೆಕೋಣೆಯ ಕಡೆ ನೋಡಿತು,
ಆಮೇಲೆ ಬಿತ್ತು, ಶಹಾಬಾದಿ ಪರಸಿಯ ಮೇಲೆ, ಟಣ್ ಅಂತ:
'ವಾಯಿದೆ ಸೋಮವಾರ.
ಸಾಕ್ಷಿದಾರರು ಉಂಡೇ ಹೋಗಬೇಕು, ಇದು ಕೋರ್ಟಿನ ಹುಕುಂ.'

ಉಂಡೆ. ಸಾರು ತೆಳ್ಳಗಿತ್ತು, ಬೇಳೆ ತಳದಲ್ಲಿ ಅಡಗಿತ್ತು.
ಕೈ ತೊಳೆಯುವಾಗ ಸಾಬಣ್ಣ ಓಡಿಬಂದ,
ಒಂದು ರೂಪಾಯಿ ನಾಣ್ಯ, ಒಂದು ನೋಟುಬುಕ್ಕು:
'ಸಾಕ್ಷಿ ಭತ್ಯೆ, ಸರ್. ಇಲ್ಲಿ ಸಹಿ ಮಾಡ್ರಿ.
ರಸೀದಿ ಇಲ್ಲದ ನಾವು ಕೊಡೂದಿಲ್ಲ.'

ಎರಡರ ಬಸ್ಸು ಧೂಳು ಬಿಟ್ಟು ಹೋಗಿತ್ತು.
ಬೇವಿನ ಕೆಳಗೆ ಕೂತೆ, ಜೇಬಿನಲ್ಲಿ ರೂಪಾಯಿ.
ಯಾವ ಲೆಕ್ಕಶೀರ್ಷಿಕೆಗೆ ಜಮಾ ಮಾಡಲಿ ಇದನ್ನು?
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಮುಚ್ಚಿದೆ,
ನೀಲಿಯದು ಹುಡುಕಿದೆ.
ಸೋಮವಾರ ವಾಯಿದೆ ಇದೆ.