ಸಣ್ಣುರಿ

ಮೂರನೇ ಬ್ಯಾಚು ಹನ್ನೊಂದನೇ ಗಂಟೆಗೆ ಸತ್ತಿತು.
ಕ್ವಾರ್ಟ್ಸ್ ಕೊಳವೆ ಬಿಚ್ಚಿ ಕಾಗದದ ಮೇಲೆ ಕೊಡವಿದೆ.
ಮಸಿ. ಕಾಡಿಗೆಯಷ್ಟು ನುಣುಪು.
ಹಾಕಿದ್ದು ಅರ್ಧ ಚಮಚ, ಈಚೆ ಬಂದದ್ದು ಎರಡು.

ಗ್ಯಾಸು ಮಂಡ್ಯದ್ದೇ. ಡಿಸ್ಟಿಲರಿಯ ಕಂದು ಕೊಳೆನೀರು
ಹೊಂಡದಲ್ಲಿ ಹುಳಿತು ಬಿಡುವ ಉಸಿರು:
ಮೀಥೇನು ಅರವತ್ತು ಪಾಲು, ಇಂಗಾಲದ ಡೈಆಕ್ಸೈಡು ನಲವತ್ತು,
ಹುಟ್ಟಿದ್ದೇ ಜೋಡಿಯಾಗಿ.
ಕೊಳೆತ ಮೊಟ್ಟೆಯ ನಾತವನ್ನು ತುಕ್ಕು ಕಬ್ಬಿಣದ ಚೂರಲ್ಲಿ ಸೋಸಿ
ರಬ್ಬರ್ ಚೀಲಕ್ಕೆ ತುಂಬಿ ಲಗೇಜ್ ಆಟೋದಲ್ಲಿ ತಂದಿದ್ದೆ,
ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ, ಕೂದಲಿಗೆಲ್ಲ ರವದಿಯ ದೂಳು.

ಏಳುನೂರೈವತ್ತು ಡಿಗ್ರಿಯಲ್ಲಿ ಆ ಜೋಡಿಯನ್ನು ಬಿಡಿಸಿ
ಬೇರೊಂದು ಜೋಡಿ ಕಟ್ಟಬೇಕು: ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್.
ಅದು ನಿಕೆಲ್ ಮಾಡುವ ಕೆಲಸ. ಅದಕ್ಕೆ ಕೂರಲು ಅಲ್ಯುಮಿನಾದ ಹಾಸು.
ಇಷ್ಟೇ ಅಂದುಕೊಂಡಿದ್ದೆ ನಾನು.

ಮೈಸೂರಿಗೆ ಕಳಿಸಿದ ಚಿಟಿಕೆ ಮಸಿಯ ಚಿತ್ರ ಬಂತು.
ಅವರೆ ಮೊಳಕೆ ಬೀಜವನ್ನು ನೆತ್ತಿಯಲ್ಲಿ ಹೊತ್ತು ಮಣ್ಣು ಸೀಳುವಂತೆ
ಇಂಗಾಲದ ಎಳೆ ಒಂದೊಂದೂ ನಿಕೆಲ್ ಕಣವೊಂದನ್ನು
ಹಾಸಿನಿಂದ ಕಿತ್ತು ಹೊತ್ತು ಎದ್ದು ನಿಂತಿದೆ.
ನೋಡಲು ಚೆಂದ. ಬೆಳೆದದ್ದು ಮಾತ್ರ ನನ್ನ ಹೊಲದ ಕಳೆ.

‘ಕಣ ದಪ್ಪ’ ಎಂದರು ನೂರುನ್ನೀಸಾ ಮೇಡಂ, ಕನ್ನಡಕ ಹಣೆಗೇರಿಸಿ.
‘ದಪ್ಪ ಕಣ ಕಂಡರೆ ಮಸಿಗೆ ಪ್ರೀತಿ.
ರಿಯಾಕ್ಟರನ್ನು ಬೈಯಬೇಡ. ಅಡಿಗೆ ಕೆಟ್ಟಿದೆ.’

ನಾಲ್ಕನೆಯದು ಅರವತ್ತು ಗಂಟೆ ಓಡಿತು.
ನಾನೇ ನಿಲ್ಲಿಸಿದೆ, ಗ್ಯಾಸು ಮುಗಿದಿತ್ತು.
ಅದೇ ಡಬ್ಬಿಯ ನೈಟ್ರೇಟು, ಅದೇ ತಕ್ಕಡಿ, ಅದೇ ಹಸಿರು ದ್ರಾವಣ.
ಐದನೆಯದು ಮತ್ತೆ ಸತ್ತಿತು. ಆರನೆಯದು ಹದಿನಾಲ್ಕು ಗಂಟೆ ಎಳೆದು ಸತ್ತಿತು.

ನೋಟ್‌ಬುಕ್ಕನ್ನು ತಿರುವಿ ತಿರುವಿ ಓದಿದೆ.
ನಾಲ್ಕನೆಯ ದಿನದ ಪುಟದಲ್ಲಿ ಇದ್ದದ್ದು ಇಷ್ಟು:
ಏಳು ಗಂಟೆ ಪ್ಯಾಸೆಂಜರಿಗೆ ಹೊರಟೆ.
ಹಾಟ್‌ಪ್ಲೇಟು ಆರಿಸಲು ಪುಟ್ಟಮಾದಮ್ಮನಿಗೆ ಹೇಳಿದ್ದೇನೆ.

ಪುಟ್ಟಮಾದಮ್ಮ ಬೀಕರು ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.
‘ಬೈಬ್ಯಾಡ ಕಣವ್ವ.
ನೀನ್ ಅತ್ಲಾಗ್ ಓಗ್ತಿದ್ದಂಗೆ ಉರಿ ತಗ್ಗಿಸ್ಬುಟ್ಟೆ.
ಅಂಚ್ನಲ್ಲಿ ಅಸ್ರು ಕಟ್ಕೋತಿತ್ತು, ನಡೂಕೆ ಬರೀ ನೀರು.
ಕೆರ್ಕೊಂಡು ತಿರುವ್ಕೊಂಡು ಕೂತಿದ್ದೆ, ಒಂಬತ್ತರಗಂಟ.
ನಮ್ಮಪ್ಪ ಆಲೆಮನೇಲಿ ಪಾಕ ನೋಡೋನು.
ಉರಿ ಎಚ್ಚಾದ್ರೆ ತಳ ಒಂದಾಯ್ತದೆ ಮೇಲೊಂದಾಯ್ತದೆ ಅನ್ನೋನು.
ಬರ್ಕೊಳಾಕೆ ನಂಗ್ ಬತ್ತದಾ?’

ನಾನು ಸ್ಟೂಲಿನ ಮೇಲೆ ಕುಳಿತೆ.
ಅವಸರದ ಉರಿಗೆ ನೀರು ಅಂಚಿಗೋಡಿ ಆರುತ್ತದೆ,
ಜೊತೆಗೆ ನಿಕೆಲ್ಲನ್ನೂ ಎಳೆದೊಯ್ದು ಗುಡ್ಡೆ ಹಾಕುತ್ತದೆ.
ಗುಡ್ಡೆ ಸುಟ್ಟರೆ ದಪ್ಪ ಕಣ. ದಪ್ಪ ಕಣಕ್ಕೆ ಮಸಿ.
ಮೂರು ತಿಂಗಳು ನಾನು ಹುಡುಕಿದ್ದು ಏಳುನೂರೈವತ್ತರಲ್ಲಿ,
ತಪ್ಪು ನಡೆದದ್ದು ಕೈ ಸುಡದ ಬಿಸಿಯಲ್ಲಿ.

ಪೂರ್ತಿ ಹಾಗೆಂದು ಹೇಳಲೂ ಆರೆ. ಮಾರನೆಯ ದಿನ
ಕರೆಂಟು ಸಪ್ಪೆಯಿತ್ತು, ಕುಲುಮೆ ಬಸವನಹುಳುವಿನಂತೆ ಏರಿತ್ತು.
ಗುಣ ಯಾವುದರದೋ. ಎರಡನ್ನೂ ಬೇರೆ ಮಾಡಿ ನೋಡಬೇಕು,
ಇನ್ನೂ ನಾಲ್ಕು ಬ್ಯಾಚು, ಇನ್ನೂ ಎರಡು ಚೀಲ ಗ್ಯಾಸು.

ಇವತ್ತು ಅವಳು ತಿರುವಿದಳು, ನಾನು ಥರ್ಮಾಮೀಟರು ಹಿಡಿದೆ.
ಅರವತ್ತೆರಡು. ಅರವತ್ತೊಂದು. ಅರವತ್ತಮೂರು.
‘ಬಂತು’ ಅಂದಳು. ಏನು ನೋಡಿ ಅಂದಳೋ,
ಕಡ್ಡಿಯಿಂದ ಇಳಿದ ಎಳೆಯೋ, ಸದ್ದು ಬದಲಾದದ್ದೋ.
ಆ ಕಲಮಿನಲ್ಲಿ ಏನು ಬರೆಯಲಿ?

ಪ್ರಬಂಧದಲ್ಲಿ ‘ಸತತವಾಗಿ ತಿರುವಲಾಯಿತು’ ಎಂದಿರಬೇಕಂತೆ.
ತಿರುವಿದವರು ಯಾರೆಂದು ವಾಕ್ಯ ಕೇಳುವುದಿಲ್ಲ.
ನೋಟ್‌ಬುಕ್ಕಿನ ಅಂಚಿನಲ್ಲಿ, ಪೆನ್ನಿನಲ್ಲೇ, ಅವಳ ಹೆಸರು ಪೂರ್ತಿ ಬರೆದೆ.

ಈಗ ರಾತ್ರಿ ಎರಡು. ನಾಲೆಯ ಕಡೆಯಿಂದ ಕಪ್ಪೆ.
ಗಾಜಿನ ಕೊಳವೆಯಲ್ಲಿ ಸೋಪಿನ ಗುಳ್ಳೆಯೊಂದು
ಕೆಳಗೆರೆಯಿಂದ ಮೇಲ್ಗೆರೆಗೆ ಏರುತ್ತಿದೆ, ಗಡಿಯಾರ ಹಿಡಿದಿದ್ದೇನೆ.
ಹೋದ ಗಂಟೆಗೂ ಇಷ್ಟೇ ಹೊತ್ತು ತಗೊಂಡಿತ್ತು.